2021ರ ನ್ಯೂಜೆರ್ಸಿ: ಗೆಲ್ಲೋದು ಗ್ಯಾರಂಟಿ ಅಂದಿದ್ದ ಗವರ್ನರ್ ಅಷ್ಟೊಂದು ಬೆವರಿದ್ದು ಯಾಕೆ?

ಎಡಿಸನ್ ಹೈದ

2025ರ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟ್ ಮಿಕಿ ಶೆರಿಲ್ ಗೆದ್ದಾಗಿನಿಂದ ನಮ್ಮ ಗುಂಪುಗಳಲ್ಲಿ ಒಂದೇ ಮಾತು. "ನ್ಯೂಜೆರ್ಸಿ ಬ್ಲೂ ಸ್ಟೇಟ್ ಕಣ್ರೀ, ಇಲ್ಲಿ ಡೆಮಾಕ್ರಟ್ ಸೋಲೋದೇ ಇಲ್ಲ." ಇವರೆಲ್ಲ 2021 ಮರೆತುಬಿಟ್ಟರಾ?

ಆ ವರ್ಷ ಡೆಮಾಕ್ರಟ್ ಗವರ್ನರ್ ಫಿಲ್ ಮರ್ಫಿ ಎರಡನೇ ಸಲಕ್ಕೆ ನಿಂತಿದ್ದರು. ಎದುರಿಗೆ ರಿಪಬ್ಲಿಕನ್ ಜ್ಯಾಕ್ ಚಿಟರೆಲಿ. ಮತದಾನಕ್ಕೆ ಕೆಲವೇ ದಿನ ಮುಂಚೆ ಮನ್ಮತ್ ಯೂನಿವರ್ಸಿಟಿ ಸಮೀಕ್ಷೆಯಲ್ಲಿ ಮರ್ಫಿ 11 ಪಾಯಿಂಟ್ ಮುಂದಿದ್ದರು. ಒಂದು ವರ್ಷದ ಹಿಂದಷ್ಟೇ ಬೈಡನ್ ಇದೇ ರಾಜ್ಯದಲ್ಲಿ ಹತ್ತಿರ ಹತ್ತಿರ 16 ಪಾಯಿಂಟ್‌ನಿಂದ ಗೆದ್ದಿದ್ದರು. ಆಗ ರಿಪಬ್ಲಿಕನ್ನರಿಗಿಂತ 10 ಲಕ್ಷಕ್ಕೂ ಜಾಸ್ತಿ ನೋಂದಾಯಿತ ಡೆಮಾಕ್ರಟ್‌ಗಳು (ಮತದಾರರ ಪಟ್ಟಿಯಲ್ಲೇ ಪಕ್ಷ ಬರೆಸಿಕೊಂಡವರು) ಇದ್ದ ರಾಜ್ಯ ಇದು.

ನವೆಂಬರ್ 2ರ ರಾತ್ರಿ ನೋಡಿದರೆ ಚಿಟರೆಲಿ ಮುಂದೆ! ಮರುದಿನ ಸಂಜೆಯವರೆಗೂ ಫಲಿತಾಂಶ ಘೋಷಣೆ ಆಗಲಿಲ್ಲ. ಕೊನೆಗೆ ಮರ್ಫಿ ಗೆದ್ದದ್ದು ಸುಮಾರು 84,000 ಓಟಿನಿಂದ, ಅಂದರೆ 3 ಪಾಯಿಂಟ್ ಆಸುಪಾಸು.

ಜನ ಮರ್ಫಿಯನ್ನು ಬೇಡ ಅಂದರಾ, ಅಥವಾ ಬೇರೆ ಏನೋ ಆಯ್ತಾ? ನೀವೇನಂತೀರಿ? ಟ್ರಂಪ್, ಬೈಡನ್ ಹೆಸರಲ್ಲಿ ಜಗಳ ಬೇಡ, ಅದಕ್ಕೆ ಬೇರೆ ಎಳೆಗಳಿವೆ.

ದಾವಣಗೆರೆ ಬೆಣ್ಣೆ

ಊರಲ್ಲಿ ಕೂತು ಓದ್ತಾ ಇದೀನಿ, ಒಂದು ಮೂಲ ಪ್ರಶ್ನೆ. ಅಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಥರಾನಾ?

ಟ್ರೆಂಟನ್ ಹಳಬ

ಹೆಚ್ಚುಕಮ್ಮಿ ಹೌದು, ಆದರೆ ಅಧಿಕಾರ ಇನ್ನೂ ಜಾಸ್ತಿ. ಜನ ನೇರವಾಗಿ ಆರಿಸುತ್ತಾರೆ. ಶಾಸಕರು ಮುನಿಸಿಕೊಂಡು ರೆಸಾರ್ಟ್‌ಗೆ ಹೋದರೆ ಕುರ್ಚಿ ಅಲ್ಲಾಡಲ್ಲ. ಅದರಲ್ಲೂ ನ್ಯೂಜೆರ್ಸಿ ಗವರ್ನರ್ ಅಂದರೆ ಇಡೀ ದೇಶದಲ್ಲೇ ಬಲಶಾಲಿ ಹುದ್ದೆಗಳಲ್ಲಿ ಒಂದು. ಬೇರೆ ಎಷ್ಟೋ ರಾಜ್ಯಗಳಲ್ಲಿ ಅಟಾರ್ನಿ ಜನರಲ್‌ನನ್ನು ಜನ ಆರಿಸುತ್ತಾರೆ. ಇಲ್ಲಿ ಗವರ್ನರೇ ನೇಮಿಸುತ್ತಾರೆ. ನ್ಯಾಯಾಧೀಶರು, ಕೌಂಟಿ (ನಮ್ಮ ಜಿಲ್ಲೆ ಥರ) ಪ್ರಾಸಿಕ್ಯೂಟರ್‌ಗಳು, ಎಲ್ಲಾ ಅವರ ಕೈಯಿಂದಲೇ, ರಾಜ್ಯದ ಸೆನೆಟ್ ಒಪ್ಪಬೇಕು ಅಷ್ಟೇ. ಬಜೆಟ್‌ನಲ್ಲಿ ಇಷ್ಟವಿಲ್ಲದ ಒಂದು ಸಾಲನ್ನು ಮಾತ್ರ ಹೊಡೆದುಹಾಕುವ ಅಧಿಕಾರವೂ ಇದೆ.

ಈ ಬಲದ ಬಹುಪಾಲು 1947ರ ಸಂವಿಧಾನದಿಂದ ಬಂದದ್ದು. ಅದಕ್ಕೂ ಮುಂಚೆ ಅವಧಿ ಮೂರೇ ವರ್ಷ, ಬೆನ್ನು ಬೆನ್ನಿಗೆ ಎರಡನೇ ಸಲ ನಿಲ್ಲೋ ಹಾಗೇ ಇರಲಿಲ್ಲ. ಈಗ ನಾಲ್ಕು ವರ್ಷ, ಸತತ ಎರಡು ಸಲ ಇರಬಹುದು. ವರ್ಜೀನಿಯಾದಲ್ಲಿ ಇವತ್ತಿಗೂ ಸತತ ಎರಡನೇ ಅವಧಿ ಇಲ್ಲ.

ದಾವಣಗೆರೆ ಬೆಣ್ಣೆ

ಥ್ಯಾಂಕ್ಸ್ ಸರ್. ನಮ್ಮಲ್ಲೂ 1985ರಲ್ಲಿ ಹೆಗಡೆಯವರು ಮತ್ತೆ ಗೆದ್ದ ಮೇಲೆ ಆಳುವ ಪಕ್ಷ ಯಾವುದೂ ಸ್ವಂತ ಬಲದಿಂದ ವಾಪಸ್ ಬಂದಿಲ್ಲ. ಅಲ್ಲೂ ಅದೇ ಕಥೆಯಾ?

ಟ್ರೆಂಟನ್ ಹಳಬ

ಇಲ್ಲಪ್ಪ, ಇಲ್ಲಿ ಉಲ್ಟಾ. ಕುರ್ಚಿಯಲ್ಲಿ ಇರೋರು ಸಾಮಾನ್ಯವಾಗಿ ಗೆಲ್ಲುತ್ತಾರೆ. 1947ರ ಸಂವಿಧಾನ ಬಂದ ಮೇಲೆ ನವೆಂಬರ್ ಚುನಾವಣೆಯಲ್ಲಿ ಸೋತು ಮನೆಗೆ ಹೋದ ಗವರ್ನರ್‌ಗಳು ಇಬ್ಬರೇ. 1993ರಲ್ಲಿ ಜಿಮ್ ಫ್ಲೋರಿಯೊ, 2009ರಲ್ಲಿ ಜಾನ್ ಕೊರ್ಜೈನ್. ತಮಾಷೆ ಏನಂದ್ರೆ ಇಬ್ಬರೂ ಡೆಮಾಕ್ರಟ್. ಮಧ್ಯೆ ಗೆದ್ದ ಡೆಮಾಕ್ರಟ್ ಮೆಕ್‌ಗ್ರೀವಿ 2004ರಲ್ಲಿ ರಾಜೀನಾಮೆ ಕೊಟ್ಟರು. ಹಾಗಾಗಿ 1977ರ ಬ್ರೆಂಡನ್ ಬರ್ನ್ ಆದ ಮೇಲೆ ಮರುಆಯ್ಕೆಯಾದ ಮೊದಲ ಡೆಮಾಕ್ರಟ್ ಗವರ್ನರ್ ಮರ್ಫಿ. 44 ವರ್ಷ ಆಗಿತ್ತು. 2021ರಲ್ಲಿ "ಗ್ಯಾರಂಟಿ" ಅಂದವರು ಈ ಲೆಕ್ಕ ನೋಡಿರಲಿಲ್ಲ.

ಅಂಕಿ ಪ್ರಿಯ

ಎಡಿಸನ್ ಹೈದ, "ಜನ ಬೇಡ ಅಂದರಾ" ಅಂತ ಕೇಳಿದಿರಿ. ಅಂಕಿ ಹಾಗೆ ಹೇಳಲ್ಲ.

2017ರಲ್ಲಿ ಮರ್ಫಿಗೆ ಬಂದದ್ದು ಸುಮಾರು 12.03 ಲಕ್ಷ ಓಟು. 2021ರಲ್ಲಿ 13.39 ಲಕ್ಷ. ಅಂದರೆ ಅವರ ಓಟು ಕಮ್ಮಿ ಆಗಲೇ ಇಲ್ಲ, ಸುಮಾರು 1.36 ಲಕ್ಷ ಜಾಸ್ತಿ ಆಯ್ತು. ಈಗ ಎದುರುಗಡೆ ನೋಡಿ. 2017ರ ರಿಪಬ್ಲಿಕನ್ ಅಭ್ಯರ್ಥಿ ಕಿಮ್ ಗ್ವಾಡಾನೊಗೆ 9 ಲಕ್ಷದ ಹತ್ತಿರ ಇತ್ತು. ಚಿಟರೆಲಿಗೆ 12.55 ಲಕ್ಷ! ಮೂರೂವರೆ ಲಕ್ಷಕ್ಕೂ ಜಾಸ್ತಿ ಏರಿಕೆ.

ಇನ್ನೊಂದು ಕಡೆಯಿಂದಲೂ ನೋಡಬಹುದು. 2020ರಲ್ಲಿ ಬೈಡನ್‌ಗೆ ಇಲ್ಲಿ 26 ಲಕ್ಷ ಓಟು, ಟ್ರಂಪ್‌ಗೆ 18.8 ಲಕ್ಷ. ಮುಂದಿನ ವರ್ಷ ಚಿಟರೆಲಿ ಪಡೆದದ್ದು ಟ್ರಂಪ್ ಓಟಿನ ಮೂರರಲ್ಲಿ ಎರಡು ಪಾಲಿನಷ್ಟು. ಮರ್ಫಿ ಪಡೆದದ್ದು ಬೈಡನ್ ಓಟಿನ ಅರ್ಧದಷ್ಟು. ಪಕ್ಷ ಬದಲಾಯಿಸಿದವರು ಖಂಡಿತ ಇದ್ದರು, ಇಲ್ಲ ಅನ್ನಲ್ಲ. ಆದರೆ ದೊಡ್ಡ ಗುಂಪು ಮನೆಯಲ್ಲೇ ಕೂತ ಡೆಮಾಕ್ರಟ್‌ಗಳದ್ದು. 2020ರಲ್ಲಿ 70% ದಾಟಿದ್ದ ಮತದಾನ 2021ರಲ್ಲಿ 40% ಆಸುಪಾಸು.

ಅಧ್ಯಕ್ಷರ ಚುನಾವಣೆ ಆದ ಮುಂದಿನ ವರ್ಷ ಗವರ್ನರ್ ಚುನಾವಣೆ ಇಡುವುದು ಎರಡೇ ರಾಜ್ಯ, ನ್ಯೂಜೆರ್ಸಿ ಮತ್ತು ವರ್ಜೀನಿಯಾ. ವೈಟ್ ಹೌಸ್‌ನಲ್ಲಿ ಯಾವ ಪಕ್ಷ ಇದೆಯೋ ಆ ಪಕ್ಷದವರಿಗೆ ಆ ವರ್ಷ ಸುಸ್ತು, ಎದುರಾಳಿಗೆ ಹುರುಪು. ನ್ಯೂಜೆರ್ಸಿಯಲ್ಲಿ ಅಧ್ಯಕ್ಷರ ಪಕ್ಷದವರೇ ಗವರ್ನರ್ ಚುನಾವಣೆ ಗೆದ್ದದ್ದು ಅದಕ್ಕೂ ಮುಂಚೆ 1985ರಲ್ಲಿ, ಟಾಮ್ ಕೀನ್. ಅವರಿಗೆ 70% ಹತ್ತಿರ ಓಟು ಬಂದಿತ್ತು, ಅದು ಬೇರೆಯೇ ಮಟ್ಟ.

ಪಿಟಿಎ ಅಮ್ಮ

ಅಂಕಿ ಸರಿ ಅಣ್ಣ, ಆದರೆ ಆ ಮೂರೂವರೆ ಲಕ್ಷ ಜನಕ್ಕೆ ಹುರುಪು ಬಂದದ್ದು ಎಲ್ಲಿಂದ? ಸುಮ್ನೆ ಬೈಡನ್ ಮೇಲಿನ ಸಿಟ್ಟು ಅಂದುಬಿಟ್ಟರೆ ಸಾಲದು.

ಆ ವರ್ಷ ಶಾಲೆ ಮೀಟಿಂಗ್‌ಗಳಿಗೆ ಹೋದವರಿಗೆ ಗೊತ್ತು. 2020-21 ಪೂರ್ತಿ ಎಷ್ಟೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ಮಕ್ಕಳು ಮನೆಯಲ್ಲಿ, ಇಲ್ಲ ವಾರಕ್ಕೆ ಎರಡು ದಿನ ಶಾಲೆ. ಆಗಸ್ಟ್ 2021ರಲ್ಲಿ ಮರ್ಫಿ ಎಲ್ಲಾ ಶಾಲೆಗೂ ಮಾಸ್ಕ್ ಕಡ್ಡಾಯ ಮಾಡಿದರು. ನನಗೆ ವೈಯಕ್ತಿಕವಾಗಿ ಅದು ಸರಿ ಅನಿಸಿತ್ತು, ಮನೆಯಲ್ಲಿ ಅತ್ತೆ ಮಾವ ಇದ್ದರು. ಆದರೆ ನಮ್ಮ ಬೀದಿಯಲ್ಲೇ ಯಾವತ್ತೂ ರಾಜಕೀಯ ಮಾತಾಡದ ತಾಯಂದಿರು ಕೆಂಡವಾಗಿದ್ದರು. ಅವರಲ್ಲಿ ನಮ್ಮವರೂ ಇದ್ದರು. ಐದು ವರ್ಷದ ಮಗು ದಿನವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತಿದ್ದನ್ನು ಯಾವ ಅಮ್ಮನೂ ಮರೆಯಲ್ಲ.

ಇನ್ನೊಂದು ಕಡೆ, ಕೋವಿಡ್ ಹೊತ್ತಲ್ಲಿ ದಿನಾ ಟಿವಿಯಲ್ಲಿ ಬಂದು ಮಾತಾಡಿದ್ದೇ ಮರ್ಫಿಯನ್ನು ಉಳಿಸಿತು ಅಂತಲೂ ನನ್ನ ಲೆಕ್ಕ. 2017ರಲ್ಲಿ ಅವರು ಯಾರು ಅಂತಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಗೋಲ್ಡ್‌ಮನ್ ಸ್ಯಾಕ್ಸ್‌ನವರು, ಜರ್ಮನಿಯಲ್ಲಿ ರಾಯಭಾರಿ ಆಗಿದ್ದರು, ಅಷ್ಟೇ.

ಟ್ರೆಂಟನ್ ಹಳಬ

ಪಿಟಿಎ ಅಮ್ಮ ಹೇಳಿದ್ದು ಒಪ್ಪುತ್ತೇನೆ, ಆದರೆ ಈ ರಾಜ್ಯದಲ್ಲಿ ಗವರ್ನರ್‌ಗಳನ್ನು ಬೆವರಿಸುವುದು ಯಾವತ್ತೂ ಒಂದೇ. ತೆರಿಗೆ.

ಬರ್ನ್ ಕಥೆ ಕೇಳಿ. ಆಗ ಇಲ್ಲಿ ಆದಾಯ ತೆರಿಗೆಯೇ ಇರಲಿಲ್ಲ. ಶಾಲೆಗೆ ದುಡ್ಡು ಹಂಚುವ ರೀತಿ ಸರಿಯಿಲ್ಲ, ಬೇರೆ ದಾರಿ ಮಾಡಿ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತ್ತು. ಶಾಸಕರು ಎಳೆದಾಡುತ್ತಲೇ ಇದ್ದರು. 1976ರ ಜುಲೈನಲ್ಲಿ ಕೋರ್ಟ್ ಶಾಲೆಗಳನ್ನೇ ಮುಚ್ಚಿಸಿತು! ಒಂದು ವಾರದಲ್ಲಿ ಆದಾಯ ತೆರಿಗೆ ಬಂತು, ಬರ್ನ್ ಸಹಿ ಹಾಕಿದರು. ಜನ ಅವರಿಗೆ ಇಟ್ಟ ಹೆಸರು "ಒನ್ ಟರ್ಮ್ ಬರ್ನ್". 1977ರಲ್ಲಿ ಅವರದೇ ಪಕ್ಷದಿಂದ ಸಾಲುಸಾಲು ಜನ ಅವರ ವಿರುದ್ಧ ಪ್ರೈಮರಿಗೆ (ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಒಳಚುನಾವಣೆಗೆ) ನಿಂತರು. ಓಟು ಚೂರುಚೂರಾಗಿ ಹಂಚಿ ಹೋಗಿ, ಸುಮಾರು 30% ಪಡೆದೇ ಬರ್ನ್ ಅಲ್ಲಿ ಪಾರಾದರು.

ನವೆಂಬರ್ ಬರೋ ಹೊತ್ತಿಗೆ ಗಾಳಿ ತಿರುಗಿತು. ಎದುರಾಳಿ ರೇಮಂಡ್ ಬೇಟ್‌ಮನ್ ಆದಾಯ ತೆರಿಗೆ ತೆಗೀತೀನಿ ಅಂದರು. "ಸರಿ, ಆ ದುಡ್ಡು ಎಲ್ಲಿಂದ ತರ್ತೀರಿ?" ಅಂತ ಕೇಳಿದರೆ ಗಟ್ಟಿ ಉತ್ತರ ಇಲ್ಲ. ಹಿಂದೆ ಖಜಾನೆ ಮಂತ್ರಿಯಾಗಿದ್ದ ವಿಲಿಯಂ ಸೈಮನ್ ಜೊತೆ ಕೂತು ಒಂದು ಯೋಜನೆ ಮಾಡಿದರು. ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿ ಬರ್ನ್ ಕಡೆಯವರು ಅದನ್ನು "ಬಿ.ಎಸ್. ಪ್ಲಾನ್" ಅಂತ ಕರೆದರು. ಅಮೆರಿಕದಲ್ಲಿ ಆ ಎರಡಕ್ಷರ "ಬರೀ ಬೊಗಳೆ" ಅನ್ನೋ ಅರ್ಥದ ಬೈಗುಳ. ಇತ್ತ ಆದಾಯ ತೆರಿಗೆಯ ದುಡ್ಡಲ್ಲಿ ಮನೆ ಮಾಲೀಕರಿಗೆ ರಿಬೇಟ್ ಚೆಕ್ ಬರೋಕೆ ಶುರುವಾಗಿತ್ತು. ಬರ್ನ್ ಸುಮಾರು 3 ಲಕ್ಷ ಓಟಿನಿಂದ ಗೆದ್ದರು.

ಫ್ಲೋರಿಯೊಗೆ ಆ ಅದೃಷ್ಟ ಇರಲಿಲ್ಲ. 1990ರಲ್ಲಿ 280 ಕೋಟಿ ಡಾಲರ್ ತೆರಿಗೆ ಏರಿಸಿದರು, ಮಾರಾಟ ತೆರಿಗೆ 6ರಿಂದ 7% ಆಯ್ತು. ಟಾಯ್ಲೆಟ್ ಪೇಪರ್ ಮೇಲೂ ತೆರಿಗೆ! ಜನ ರಾಜಧಾನಿ ಟ್ರೆಂಟನ್‌ಗೆ ಬಂದು ಟಾಯ್ಲೆಟ್ ಪೇಪರ್ ಸುರುಳಿ ತೂರಿದರು. 1993ರಲ್ಲಿ ಕ್ರಿಸ್ಟಿ ವಿಟ್‌ಮನ್ ಅವರನ್ನು ಸುಮಾರು 26,000 ಓಟಿನಿಂದ ಸೋಲಿಸಿದರು. ನಾಲ್ಕು ವರ್ಷ ಬಿಟ್ಟು ವಿಟ್‌ಮನ್ ಮರುಆಯ್ಕೆಗೆ ನಿಂತಾಗ ಎಷ್ಟರಿಂದ ಗೆದ್ದರು ಹೇಳಿ? ಮತ್ತೆ ಸುಮಾರು 26,000! ತೆರಿಗೆ ಇಳಿಸಿಯೂ ಅಷ್ಟೇ ಸಿಕ್ಕಿದ್ದು.

ಬಾಡಿಗೆ ಮನೆ

ಬರ್ನ್ ಚೆಕ್ ಅಂದಾಗ ನೆನಪಾಯ್ತು. ಮರ್ಫಿ ಕೂಡ 2021ರ ಬೇಸಿಗೆಯಲ್ಲಿ 500 ಡಾಲರ್‌ವರೆಗೆ ರಿಬೇಟ್ ಚೆಕ್ ಕಳಿಸಿದ್ದರಲ್ವಾ?

ಟ್ರೆಂಟನ್ ಹಳಬ

ಹೌದು. ಮಕ್ಕಳಿರೋ ಮಧ್ಯಮ ವರ್ಗದ ಕುಟುಂಬಗಳಿಗೆ. ಹಿಂದಿನ ವರ್ಷ 10 ಲಕ್ಷ ಡಾಲರ್ ಮೇಲಿನ ಆದಾಯಕ್ಕೆ 10.75% ತೆರಿಗೆ ಹಾಕಿದ್ದರಲ್ಲ, ಆ ದುಡ್ಡು. ಚುನಾವಣೆಗೆ ಮುಂಚೆ ಬಂದದ್ದು ಕಾಕತಾಳೀಯ ಅಂತ ನಂಬೋರು ನಂಬಬಹುದು.

ಬಾಡಿಗೆ ಮನೆ

ಒಂದು ಅರ್ಥ ಆಗಲ್ಲ. ಜನ ಬೈಯೋದು ಪ್ರಾಪರ್ಟಿ ಟ್ಯಾಕ್ಸ್ ಬಗ್ಗೆ. ಅದನ್ನು ಗವರ್ನರ್ ಹಾಕಲ್ಲ. ಟೌನ್, ಸ್ಕೂಲ್ ಬೋರ್ಡ್, ಕೌಂಟಿ ಹಾಕೋದು. ಮತ್ತೆ ಮರ್ಫಿಗೆ ಯಾಕೆ ಶಿಕ್ಷೆ?

ಅಂಕಿ ಪ್ರಿಯ

ಒಳ್ಳೆ ಪ್ರಶ್ನೆ, ಚುನಾವಣೆಯ ಹೂರಣ ಇಲ್ಲೇ ಇದೆ.

2021ರಲ್ಲಿ ರಾಜ್ಯದ ಸರಾಸರಿ ಪ್ರಾಪರ್ಟಿ ಟ್ಯಾಕ್ಸ್ ವರ್ಷಕ್ಕೆ 9,000 ಡಾಲರ್ ದಾಟಿತ್ತು, ದೇಶದಲ್ಲೇ ಅತಿ ಜಾಸ್ತಿ. ಅದರಲ್ಲಿ ಅರ್ಧದಷ್ಟು ಹೋಗೋದು ಶಾಲೆಗೆ. ಇಷ್ಟು ಸಣ್ಣ ರಾಜ್ಯದಲ್ಲಿ 560ಕ್ಕೂ ಹೆಚ್ಚು ಮುನ್ಸಿಪಾಲಿಟಿಗಳು, ಅದರ ಮೇಲೆ ನೂರಾರು ಸ್ಕೂಲ್ ಡಿಸ್ಟ್ರಿಕ್ಟ್‌ಗಳು. ಪ್ರತಿಯೊಂದಕ್ಕೂ ಬೇರೆ ಆಫೀಸು, ಬೇರೆ ಸೂಪರಿಂಟೆಂಡೆಂಟ್. ಒಟ್ಟುಗೂಡಿಸಿ ಅಂದರೆ ಯಾರೂ ಒಪ್ಪಲ್ಲ, "ನಮ್ಮೂರ ಶಾಲೆ ನಮ್ಮದೇ ಇರಲಿ" ಅಂತಾರೆ.

ಆದರೆ ಗವರ್ನರ್ ಕೈಯಲ್ಲಿ ಒಂದು ಕೀಲಿ ಇದೆ, ಶಾಲೆಗಳಿಗೆ ರಾಜ್ಯ ಕೊಡೋ ನೆರವು. ಅದು ಕಮ್ಮಿ ಆದರೆ ಊರಿನ ತೆರಿಗೆ ಏರುತ್ತದೆ. 2018ರಲ್ಲಿ ಮರ್ಫಿ ಸಹಿ ಹಾಕಿದ ಕಾನೂನಿನಿಂದ ಕೆಲವು ಊರುಗಳಿಗೆ ನೆರವು ಏರಿತು, ಟಾಮ್ಸ್ ರಿವರ್, ಜೆರ್ಸಿ ಸಿಟಿಯಂಥ ಊರುಗಳಿಗೆ ವರ್ಷ ವರ್ಷ ಇಳಿಯಿತು. ಹಂಚಿಕೆ ಸೂತ್ರವನ್ನೇ ಬದಲಾಯಿಸ್ತೀನಿ ಅಂತ ಚಿಟರೆಲಿ ಊರೂರು ಸುತ್ತಿದರು. ಅವರು ವೃತ್ತಿಯಿಂದ ಅಕೌಂಟೆಂಟ್, ಲೆಕ್ಕ ಹೇಳೋಕೆ ಚೆನ್ನಾಗಿ ಬರ್ತಿತ್ತು.

ಅದರ ಮೇಲೆ ಮರ್ಫಿ 2019ರಲ್ಲಿ ಒಂದು ಮಾತು ಆಡಿ ಸಿಕ್ಕಿಬಿದ್ದಿದ್ದರು. ತೆರಿಗೆಯೊಂದೇ ನಿಮ್ಮ ಚಿಂತೆ ಆದರೆ ನಮ್ಮ ರಾಜ್ಯ ಬಹುಶಃ ನಿಮಗಲ್ಲ, ಅನ್ನೋ ಅರ್ಥದ ಮಾತು. ಹಿಂದೆ ಮುಂದೆ ಶಾಲೆ, ಸೌಲಭ್ಯ ಅಂತೆಲ್ಲ ಹೇಳಿದ್ದರು. ಆದರೆ ಜಾಹೀರಾತಿಗೆ ಬೇಕಾದ ತುಂಡು ಅಷ್ಟೇ ಅಲ್ವಾ? ಚಿಟರೆಲಿ ಕಡೆಯವರು ಅದನ್ನು ಹಾಕಿದ್ದೇ ಹಾಕಿದ್ದು.

ಇದರ ಜೊತೆಗೆ 2017ರ ಫೆಡರಲ್ ಕಾನೂನು ಬಂದು, ರಾಜ್ಯ ಮತ್ತು ಸ್ಥಳೀಯ ತೆರಿಗೆಗೆ ಸಿಗುತ್ತಿದ್ದ ವಿನಾಯಿತಿ 10,000 ಡಾಲರ್‌ಗೆ ನಿಂತುಹೋಗಿತ್ತು. ಅದನ್ನು ಮಾಡಿದ್ದು ವಾಷಿಂಗ್ಟನ್, ಬೈಸಿಕೊಂಡದ್ದು ಟ್ರೆಂಟನ್.

ಸೌತ್ ಜೆರ್ಸಿ

ನೀವೆಲ್ಲ ಉತ್ತರದವರು ಎಡಿಸನ್, ಪ್ರಿನ್ಸ್‌ಟನ್ ಬಿಟ್ಟು ಆಚೆ ನೋಡಲ್ಲ. ಆ ರಾತ್ರಿಯ ನಿಜವಾದ ಸುದ್ದಿ ನಮ್ಮ ಕಡೆ.

ಗ್ಲಾಸ್ಟರ್, ಕಂಬರ್‌ಲ್ಯಾಂಡ್, ಅಟ್ಲಾಂಟಿಕ್, ಈ ಮೂರೂ ಕೌಂಟಿ 2017ರಲ್ಲಿ ಮರ್ಫಿ ಗೆದ್ದಿದ್ದವು. 2021ರಲ್ಲಿ ಮೂರೂ ಕೈ ಬಿಟ್ಟವು. (ಅಟ್ಲಾಂಟಿಕ್ ಸಿಟಿ ಅಂದ್ರೆ ಗೊತ್ತಲ್ಲ, 2016ರ ಅಕ್ಕ ಸಮ್ಮೇಳನ ನಡೆದ ಊರು.) ಅದೆಲ್ಲ ಬಿಡಿ, ಸ್ಟೀವ್ ಸ್ವೀನಿ ಸೋತರು! 2010ರಿಂದ ಸೆನೆಟ್ ಅಧ್ಯಕ್ಷ. ಗವರ್ನರ್ ಬಿಟ್ಟರೆ ರಾಜ್ಯದಲ್ಲಿ ಅವರದೇ ನಡೀತಿತ್ತು. ಸೋಲಿಸಿದ್ದು ಎಡ್ ಡರ್ ಅನ್ನೋ ಟ್ರಕ್ ಡ್ರೈವರ್. ಪ್ರೈಮರಿ ಲೆಕ್ಕದಲ್ಲಿ ಅವರು ತೋರಿಸಿದ್ದ ಖರ್ಚು 153 ಡಾಲರ್. ಅದರಲ್ಲಿ ಅರವತ್ತು ಚಿಲ್ಲರೆ ಡಾಲರ್ ಡಂಕಿನ್‌ನಲ್ಲಿ ಕಾಫಿ, ಡೋನಟ್‌ಗೆ.

ಇದನ್ನು ಬರೀ "ಡೆಮಾಕ್ರಟ್ ಮನೆಯಲ್ಲಿ ಕೂತರು" ಅಂತ ವಿವರಿಸೋಕೆ ಆಗಲ್ಲ ಅಂಕಿ ಪ್ರಿಯರೇ. ನಮ್ಮ ಕಡೆ ಜನ ನಿಜವಾಗಲೂ ಆಚೆ ಹೋದರು. ಕಾರ್ಖಾನೆ, ಹೊಲ, ಟ್ರಕ್ಕು ಅಂತ ಬದುಕೋ ಊರುಗಳು. ಯೂನಿಯನ್‌ನವರೇ ರಿಪಬ್ಲಿಕನ್‌ಗೆ ಹಾಕಿದ್ದು ನಾನು ಕಂಡಿದ್ದೇನೆ. ಸ್ವೀನಿ ಸ್ವತಃ ಕಬ್ಬಿಣ ಕೆಲಸದವರ ಯೂನಿಯನ್ ನಾಯಕ!

ಅಂಕಿ ಪ್ರಿಯ

ಒಪ್ಪಿದೆ, ದಕ್ಷಿಣದಲ್ಲಿ ಕಥೆ ಬೇರೆ. ಆದರೆ ಡರ್ 2023ರಲ್ಲೇ ಆ ಸೀಟು ಕಳೆದುಕೊಂಡರಲ್ಲ, ಜಾನ್ ಬರ್ಜಿಕೆಲ್ಲಿ ಕೈಲಿ. ಆಚೆ ಹೋದವರು ಅಷ್ಟು ಬೇಗ ವಾಪಸ್ ಬಂದರಾ?

ಸೌತ್ ಜೆರ್ಸಿ

ಡರ್ ಗೆದ್ದ ಮೇಲೆ ಅವರ ಹಳೆಯ ಸೋಷಿಯಲ್ ಮೀಡಿಯಾ ಪೋಸ್ಟ್‌ಗಳು ಹೊರಬಂದವು, ಮುಸ್ಲಿಮರ ಬಗ್ಗೆ, ಹೆಂಗಸರ ಬಗ್ಗೆ. ಅದೂ ಸೇರಿಸಿ ನೋಡಿ. ಅಭ್ಯರ್ಥಿ ಯಾರು ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಎಡಿಸನ್ ಹೈದ

ಆ ರಾತ್ರಿ ಎಣಿಕೆ ಬಗ್ಗೆ ಯಾರಾದರೂ ಹೇಳಿ. ನಮ್ಮ ಗುಂಪಲ್ಲಿ ಇವತ್ತಿಗೂ ಒಬ್ಬರು "ಮಧ್ಯರಾತ್ರಿ ಪೆಟ್ಟಿಗೆ ತಂದು ಸುರಿದರು" ಅಂತಾರೆ.

ಟ್ರೆಂಟನ್ ಹಳಬ

ಅವರಿಗೆ ಹೇಳಿ, ಸೋತ ಚಿಟರೆಲಿಯೇ ಹಾಗೆ ಹೇಳಲಿಲ್ಲ. ಅಂಥ ಗಾಳಿಮಾತು ನಂಬಬೇಡಿ ಅಂತ ಅವರ ಕಡೆಯಿಂದಲೇ ಬೆಂಬಲಿಗರಿಗೆ ಹೇಳಿದರು. ನವೆಂಬರ್ 12ಕ್ಕೆ ಸೋಲು ಒಪ್ಪಿಕೊಂಡರು, ಜೊತೆಗೆ 2025ಕ್ಕೆ ಮತ್ತೆ ಬರ್ತೀನಿ ಅಂತಲೂ ಹೇಳಿದರು.

ಆದದ್ದು ಇಷ್ಟು. ನ್ಯೂಜೆರ್ಸಿಯಲ್ಲಿ ಮತಗಟ್ಟೆಗೇ ಹೋಗಿ ಮುಂಚಿತವಾಗಿ ಓಟು ಹಾಕುವ ವ್ಯವಸ್ಥೆ ಮೊದಲ ಸಲ ಬಂದದ್ದು 2021ರಲ್ಲಿ, ಅಕ್ಟೋಬರ್ 23ರಿಂದ 31ರವರೆಗೆ. ಅದರ ಜೊತೆ ಅಂಚೆ ಓಟು. ಚುನಾವಣೆ ದಿನದ ಒಳಗೆ ಅಂಚೆ ಮುದ್ರೆ ಬಿದ್ದಿದ್ದರೆ ಕೆಲವು ದಿನ ತಡವಾಗಿ ಬಂದರೂ ಎಣಿಸಬೇಕು. ಹೀಗೆ ಮೂರು ಬಗೆಯ ಓಟು. ಒಂದೊಂದು ಕೌಂಟಿ ಒಂದೊಂದನ್ನು ಮೊದಲು ಎಣಿಸಿ ಅಂಕಿ ಬಿಟ್ಟಿತು. ಅದೇ ದಿನ ಬಂದು ಹಾಕಿದವರಲ್ಲಿ ರಿಪಬ್ಲಿಕನ್ನರು ಜಾಸ್ತಿ, ಅಂಚೆಯಲ್ಲಿ ಡೆಮಾಕ್ರಟ್‌ಗಳು ಜಾಸ್ತಿ. ಹಾಗಾಗಿ ಟಿವಿ ಪರದೆಯ ಮೇಲೆ ಒಬ್ಬರು ಮುಂದೆ, ಆಮೇಲೆ ಇನ್ನೊಬ್ಬರು ಮುಂದೆ. ಓಟು ಅದಾಗಲೇ ಬಿದ್ದಿತ್ತು, ಎಣಿಸಿದ ಸಾಲು ಮಾತ್ರ ಹಿಂದೆ ಮುಂದೆ.

ಓಟಿಲ್ಲದವನು

ನವೆಂಬರ್ 4 ದೀಪಾವಳಿ. ಓಕ್ ಟ್ರೀ ರೋಡ್‌ನಲ್ಲಿ ಸ್ವೀಟ್ಸ್ ಕ್ಯೂನಲ್ಲಿ ನಿಂತವರೆಲ್ಲ ಫೋನ್‌ನಲ್ಲಿ ಕೌಂಟಿ ಅಂಕಿ ನೋಡ್ತಿದ್ದರು. ನನಗೆ ಓಟಿಲ್ಲ, ಎಚ್-1ಬಿ. ಮನೆ ಇದೆ, ಪ್ರಾಪರ್ಟಿ ಟ್ಯಾಕ್ಸ್ ಕಟ್ತೀನಿ, ಮಗಳು ಇಲ್ಲಿನ ಶಾಲೆ. ಗ್ರೀನ್ ಕಾರ್ಡ್ ಕ್ಯೂ ಯಾವಾಗ ಮುಗಿಯುತ್ತೋ ಆ ದೇವರಿಗೇ ಗೊತ್ತು. ಇಲ್ಲಿ ಚರ್ಚೆ ಮಾಡೋರಲ್ಲಿ ಎಷ್ಟು ಜನಕ್ಕೆ ಓಟಿದೆ ಅಂತ ಕೇಳಿದರೆ ಅರ್ಧ ಕೈ ಇಳಿಯುತ್ತೆ.

ಆದರೂ ಆ ವರ್ಷ ನಮ್ಮವರ ಸಂಖ್ಯೆ ಕಾಣಿಸಿತು. ಗವರ್ನರ್ ಚುನಾವಣೆಯ ದಿನವೇ ಸ್ಯಾಮ್ ಜೋಶಿ ಎಡಿಸನ್‌ನ ಮೊದಲ ಭಾರತೀಯ ಮೂಲದ ಮೇಯರ್ ಆಗಿ ಗೆದ್ದರು. ರಿಪಬ್ಲಿಕನ್ ಪ್ರೈಮರಿಯಲ್ಲಿ ಚಿಟರೆಲಿ ವಿರುದ್ಧ ನಿಂತಿದ್ದವರಲ್ಲಿ ಹಿರ್ಶ್ ಸಿಂಗ್ ಕೂಡ ಒಬ್ಬರು.

ಪಿಟಿಎ ಅಮ್ಮ

ಓಟಿರೋರೂ ಎಲ್ಲಿ ಹೋಗ್ತಾರೆ? ನಮ್ಮ ಪಕ್ಕದ ಮನೆಯವರು ಸಿಟಿಜನ್ ಆಗಿ ಎಷ್ಟೋ ವರ್ಷ ಆಯ್ತು. ಅಧ್ಯಕ್ಷರ ಚುನಾವಣೆಗೆ ಮಾತ್ರ ಸೀರೆ ಉಟ್ಟು ಹೋಗಿ ಸ್ಟಿಕರ್ ಹಾಕಿಕೊಂಡು ಫೋಟೋ. ಗವರ್ನರ್ ಚುನಾವಣೆ ಯಾವತ್ತು ಅಂತಲೂ ಗೊತ್ತಿರಲ್ಲ. ಸ್ಕೂಲ್ ಬಜೆಟ್ ಬಗ್ಗೆ ವಾಟ್ಸಾಪ್‌ನಲ್ಲಿ ಮೊದಲು ಕೂಗೋದು ಮಾತ್ರ ಅವರೇ.

ಎಡಿಸನ್ ಹೈದ

ಪಿಟಿಎ ಅಮ್ಮ, ಹೆಸರು ಹೇಳದಿದ್ದರೂ ನನಗೆ ಯಾರು ಅಂತ ಗೊತ್ತಾಯ್ತು :)

ಸಮೀಕ್ಷೆ ವಿಷಯಕ್ಕೆ ಬರೋಣ. 11 ಪಾಯಿಂಟ್ ಅಂದ ಮನ್ಮತ್‌ನ ಪ್ಯಾಟ್ರಿಕ್ ಮರ್ರೆ ಚುನಾವಣೆ ಆದ ಎರಡೇ ದಿನಕ್ಕೆ ಪತ್ರಿಕೆಯಲ್ಲಿ ಲೇಖನ ಬರೆದು ಕ್ಷಮೆ ಕೇಳಿದರು. ನನ್ನ ಅನುಮಾನ, ಆ ಸಮೀಕ್ಷೆಗಳೇ ಅರ್ಧ ಕೆಲಸ ಕೆಡಿಸಿದವು. "ಹೇಗೂ ಗೆಲ್ತಾರೆ" ಅಂತ ಜನ ಕೂತುಬಿಟ್ಟರು. ಕೊನೆಗೆ ಒಬಾಮ ನ್ಯೂಅರ್ಕ್‌ಗೆ ಬಂದರು, ಬರ್ನಿ ಸ್ಯಾಂಡರ್ಸ್ ರಟ್ಗರ್ಸ್ ಯೂನಿವರ್ಸಿಟಿಗೆ ಬಂದರು. ಮರ್ಫಿ ಕಡೆಯವರಿಗೆ ಒಳಗೊಳಗೇ ಭಯ ಇತ್ತು ಅಂತ ಕಾಣುತ್ತೆ.

ಅಂಕಿ ಪ್ರಿಯ

ಸಮೀಕ್ಷೆಯ ಕಷ್ಟ ಯಾರಿಗೆ ಓಟು ಅನ್ನೋದರಲ್ಲಿ ಅಲ್ಲ, ಯಾರು ಬಾಗಿಲು ದಾಟಿ ಬರ್ತಾರೆ ಅನ್ನೋ ಊಹೆಯಲ್ಲಿ. 40% ಜನ ಮಾತ್ರ ಬರೋ ಚುನಾವಣೆಯಲ್ಲಿ ಆ ಊಹೆ ಸ್ವಲ್ಪ ಜಾರಿದರೆ ಸಾಕು.

2025 ನೋಡಿ. ಆಗ ಸಮೀಕ್ಷೆಗಳು ಹತ್ತಿರದ ಸ್ಪರ್ಧೆ ಅಂದವು. ಶೆರಿಲ್ 13 ಪಾಯಿಂಟ್‌ಗೂ ಹೆಚ್ಚು ಅಂತರದಿಂದ ಗೆದ್ದರು. ಆದರೆ ಚಿಟರೆಲಿ ಓಟು 2021ಕ್ಕಿಂತ ಕಮ್ಮಿ ಆಯ್ತಾ? ಇಲ್ಲ! 12.55 ಲಕ್ಷದಿಂದ 14 ಲಕ್ಷಕ್ಕೆ ಏರಿತು. ಎದುರುಗಡೆ 18 ಲಕ್ಷ ದಾಟಿತು. ಈ ಸಲ ವೈಟ್ ಹೌಸ್‌ನಲ್ಲಿ ಟ್ರಂಪ್, ಹಾಗಾಗಿ ಎದ್ದು ಬಂದವರು ಡೆಮಾಕ್ರಟ್‌ಗಳು. 2021ರಲ್ಲಿ ಮರ್ಫಿಗೆ ಆದದ್ದೇ 2025ರಲ್ಲಿ ಚಿಟರೆಲಿಗೆ ಆಯ್ತು. ಇಬ್ಬರ ಓಟೂ ಏರಿತು, ಎದುರಾಳಿಯದ್ದು ಅದಕ್ಕಿಂತ ಜಾಸ್ತಿ ಏರಿತು. ಮರ್ಫಿ ಬಚಾವಾದರು, ಇವರು ಆಗಲಿಲ್ಲ. ಮುಂಚೆಯೇ ಇದ್ದ 10 ಲಕ್ಷದ ನೋಂದಣಿ ಅಂತರ ಮರ್ಫಿಗೆ ದಿಂಬಾಗಿತ್ತು, ಅಷ್ಟೇ ವ್ಯತ್ಯಾಸ.

ಸೌತ್ ಜೆರ್ಸಿ

"ಅಷ್ಟೇ ವ್ಯತ್ಯಾಸ" ಅಂತ ಮುಗಿಸಬೇಡಿ. ಮರ್ಫಿ ಇಡೀ ಪ್ರಚಾರದಲ್ಲಿ ಮಾಡಿದ್ದು ಒಂದೇ, ಚಿಟರೆಲಿಯನ್ನು ಟ್ರಂಪ್ ಪಕ್ಕ ನಿಲ್ಲಿಸೋದು. 2020ರ ಕೊನೆಯಲ್ಲಿ ಬೆಡ್‌ಮಿನ್‌ಸ್ಟರ್‌ನ "ಸ್ಟಾಪ್ ದ ಸ್ಟೀಲ್" (ಟ್ರಂಪ್ ಸೋತಿಲ್ಲ, ಓಟು ಕದ್ದರು ಅನ್ನೋರ) ಸಭೆಗೆ ಚಿಟರೆಲಿ ಹೋಗಿದ್ದ ಫೋಟೋ ಎಲ್ಲಾ ಕಡೆ. 2021ರಲ್ಲಿ ಅದು ಅರ್ಧಂಬರ್ಧ ಕೆಲಸ ಮಾಡಿತು, ಯಾಕೆಂದರೆ ಟ್ರಂಪ್ ಅಧಿಕಾರದಲ್ಲಿ ಇರಲಿಲ್ಲ. ತಾನು ಮಾಡಿದ ಕೆಲಸ ಹೇಳಿಕೊಳ್ಳಬಹುದಿತ್ತು. ಕನಿಷ್ಠ ಕೂಲಿ 15 ಡಾಲರ್ ಕಡೆಗೆ ಏರಿಸಿದರು. ಸರ್ಕಾರಿ ನೌಕರರ ಪಿಂಚಣಿಗೆ ರಾಜ್ಯದ ಪಾಲನ್ನು 1996ರ ನಂತರ ಮೊದಲ ಸಲ ಪೂರ್ತಿ ಕಟ್ಟಿದರು. ನಮ್ಮ ಕಡೆ ಇದನ್ನು ಹೇಳೋಕೆ ಬಂದವರು ಕಮ್ಮಿ.

ಟ್ರೆಂಟನ್ ಹಳಬ

ಪಿಂಚಣಿ ಕಟ್ಟಿದ್ದಕ್ಕೆ ಯಾರೂ ಓಟು ಹಾಕಲ್ಲ ಮಾರಾಯ್ರೇ. ಕಟ್ಟದಿದ್ದರೆ ಬೈತಾರೆ, ಅದೂ ಇಪ್ಪತ್ತು ವರ್ಷ ಬಿಟ್ಟು.

ದಾವಣಗೆರೆ ಬೆಣ್ಣೆ

ಕೊನೆಗೊಂದು ಪ್ರಶ್ನೆ. ಶೆರಿಲ್ 2029ರಲ್ಲಿ ಮತ್ತೆ ನಿಂತರೆ ಅವರಿಗೂ ಈ ತೆರಿಗೆ ಕಾಟ ಇದ್ದದ್ದೇನಾ?

ಪಿಟಿಎ ಅಮ್ಮ

ತೆರಿಗೆ ಜೊತೆ ಕರೆಂಟ್ ಬಿಲ್ಲೂ ಸೇರಿಕೊಂಡಿದೆ. 2025ರ ಜೂನ್‌ನಲ್ಲಿ ದರ 20% ಹತ್ತಿರ ಏರಿತು. ತುರ್ತು ಪರಿಸ್ಥಿತಿ ಘೋಷಿಸಿ ದರ ಏರದಂತೆ ತಡೀತೀನಿ ಅಂತ ಹೇಳಿಯೇ ಶೆರಿಲ್ ಓಟು ಕೇಳಿದ್ದು. ವಿದ್ಯುತ್ ಬೆಲೆ ಬಹುಪಾಲು ನಿರ್ಧಾರ ಆಗೋದು 13 ರಾಜ್ಯಗಳ ಒಂದು ಗ್ರಿಡ್ ಮಾರುಕಟ್ಟೆಯಲ್ಲಿ, ಗವರ್ನರ್ ಆಫೀಸಲ್ಲಿ ಅಲ್ಲ. ಬಾಡಿಗೆ ಮನೆಯವರು ಮೇಲೆ ಕೇಳಿದ ಪ್ರಶ್ನೆಯೇ ಮತ್ತೆ. ಆದರೆ ಈ ಸಲ ಅದನ್ನು ಮೈಮೇಲೆ ಎಳೆದುಕೊಂಡದ್ದು ಅಭ್ಯರ್ಥಿಯೇ, ನಾವಲ್ಲ.

ಬಾಡಿಗೆ ಮನೆ

ಆ ಗ್ರಿಡ್ ಹೆಸರು ಪಿಜೆಎಂ. ಅದರ ಹರಾಜು ಹೇಗೆ ನಡೆಯುತ್ತೆ ಅಂತ ಗೊತ್ತಿರೋರು ಇದ್ದರೆ ಬೇರೆ ಎಳೆ ಶುರು ಮಾಡಿ, ನಾನು ಮೊದಲು ಬರ್ತೀನಿ.